ಚೊಚ್ಚಲ ಹೆರಿಗೆ ಮನೆಯಲ್ಲೇ ಆಗಲಿ ಅಂದರೆ ತಪ್ಪೇ?

ಪ್ರಶ್ನೆ: ನನಗೆ 29 ವರ್ಷ. ಊರು ಕುಂದಾಪುರದ ಕಡೆ, ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದವಳು. ಚೊಚ್ಚಲ ಬಸುರಿ, ಈಗ 31ನೇ ವಾರ. ಬಿಪಿ, ಶುಗರ್, ಹಿಮೋಗ್ಲೋಬಿನ್ ಎಲ್ಲ ಸರಿಯಿದೆ. ಕಳೆದ ವರ್ಷ ಅಕ್ಕನ ಹೆರಿಗೆ ಇಲ್ಲೇ ಒಂದು ಆಸ್ಪತ್ರೆಯಲ್ಲಾಯಿತು. ಹತ್ತು ಗಂಟೆ ಹೊತ್ತು ಅವಳನ್ನು ಒಬ್ಬಳೇ ಮಲಗಿಸಿದ್ದರು. ಕೂಗಿದರೆ ಗದರಿದರು, ಹೇಳದೆ ಕೇಳದೆ ಕೊಯ್ದು ಹೊಲಿಗೆ ಹಾಕಿದರು. ಇವತ್ತಿಗೂ ಅವಳು ಆ ರಸ್ತೆಯಲ್ಲಿ ಹೋಗುವುದಿಲ್ಲ. ನನ್ನ ಅಮ್ಮಮ್ಮ ಏಳು ಮಕ್ಕಳನ್ನು ಮನೆಯಲ್ಲೇ ಹೆತ್ತವರು. ಠಾಣೆ ನಗರದ ಒಬ್ಬರು ಡೌಲಾ (ಹೆರಿಗೆಯ ಜೊತೆಗಾತಿ) ಮನೆಗೆ ಬರಲು ಒಪ್ಪಿದ್ದಾರೆ. ಗಂಡ 'ನಿನ್ನಿಷ್ಟ' ಅನ್ನುತ್ತಾರೆ, ಅತ್ತೆ 'ಹುಚ್ಚು' ಅನ್ನುತ್ತಾರೆ. ನನ್ನ ಡಾಕ್ಟರು 'ಹಾಗಾದರೆ ಇನ್ನು ನನ್ನ ಹತ್ತಿರ ಬರಬೇಡಿ' ಅಂದುಬಿಟ್ಟರು. ನಾವಿರುವುದು ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮನೆಯಲ್ಲಿ ಹೆರುವುದು ಕಾನೂನಿಗೆ ವಿರುದ್ಧವೇ? ಎಲ್ಲಿ ಹೆರಬೇಕೆಂದು ಆರಿಸುವ ಹಕ್ಕು ನನಗಿಲ್ಲವೇ?

ಉತ್ತರ: ಹಕ್ಕಿದೆ. ನಿಮ್ಮ ಡಾಕ್ಟರು ಮೊದಲು ಹೇಳಬೇಕಿದ್ದ ಮಾತೇ ಅದು, ಅವರು ಹೇಳಲಿಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ.

ಮನೆಯಲ್ಲಿ ಹೆರಬಾರದು ಎನ್ನುವ ಕಾನೂನು ನಮ್ಮ ದೇಶದಲ್ಲಿಲ್ಲ. ಮನೆಯಲ್ಲಿ ಹುಟ್ಟಿದ ಮಗುವಿನ ಜನನವನ್ನು ಮನೆಯ ಯಜಮಾನರು 21 ದಿನದೊಳಗೆ ನೋಂದಾಯಿಸಬೇಕು ಎಂದು 1969ರ ಜನನ ಮರಣ ನೋಂದಣಿ ಕಾಯ್ದೆ ಮತ್ತು ಅದರ ನಿಯಮಗಳೇ ಹೇಳುತ್ತವೆ. ಅಂದರೆ ಮನೆಹೆರಿಗೆ ಕಾನೂನಿಗೆ ಗೊತ್ತಿರುವ ಸಂಗತಿ, ಅಪರಾಧವಲ್ಲ. ಹೆರುವ ವಿಷಯದಲ್ಲಿ ಹೆಂಗಸಿನ ಆಯ್ಕೆ ಸಂವಿಧಾನದ 21ನೇ ವಿಧಿ ಕೊಟ್ಟ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಹೇಳಿದೆ. ಅದಕ್ಕೂ ಒಂದು ವರ್ಷ ಮೊದಲು, 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಜೀವಕ್ಕೆ ಅಪಾಯದ ತುರ್ತು ಇಲ್ಲದಿದ್ದರೆ ರೋಗಿಗೆ ತಿಳಿಯುವಂತೆ ಹೇಳಿ ಒಪ್ಪಿಗೆ ಪಡೆಯದೆ ಡಾಕ್ಟರು ಕೈ ಹಾಕುವಂತಿಲ್ಲ ಎಂದಿತು. ಆ ಒಪ್ಪಿಗೆ ನಿಮ್ಮದು. ನಮ್ಮ ಆಸ್ಪತ್ರೆಗಳಲ್ಲಿ ಗಂಡನನ್ನೋ ಮಾವನನ್ನೋ ಹುಡುಕಿಕೊಂಡು ಹೋಗಿ ಸಹಿ ಹಾಕಿಸುವುದು ರೂಢಿ. ಆದರೆ ಎಚ್ಚರವಿರುವ, 18 ದಾಟಿದ ಹೆಂಗಸಿನ ಮೈಗೆ ಅವಳ ಸಹಿ ಸಾಕು.

ಇಷ್ಟು ಹೇಳಿದ ಮೇಲೆ, ನೀವು ನನ್ನ ತಂಗಿಯಾಗಿದ್ದರೆ ಏನು ಹೇಳುತ್ತಿದ್ದೆನೋ ಅದನ್ನೂ ಹೇಳಿಬಿಡುತ್ತೇನೆ. ಚೊಚ್ಚಲ ಹೆರಿಗೆ, ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ, ಜೊತೆಗೆ ಒಬ್ಬ ಡೌಲಾ. ಈ ಸ್ಥಿತಿಯಲ್ಲಿ ಮನೆ ಬೇಡ.

ಯಾಕೆ ಬೇಡ ಎನ್ನುವುದನ್ನು ನಿಮ್ಮ ಅಮ್ಮಮ್ಮನಿಂದಲೇ ಶುರು ಮಾಡುತ್ತೇನೆ. ಏಳು ಹೆತ್ತರು ಎಂದು ಬರೆದಿದ್ದೀರಿ. ಎಷ್ಟು ಉಳಿದವು ಎಂದು ಕೇಳಿದ್ದೀರಾ? ಶಿರಸಿ ಕಡೆಯ ನನ್ನ ಅಜ್ಜಿ ಒಂಬತ್ತು ಹೆತ್ತವರು. ಹೆಸರು ಹೇಳುತ್ತಾ ಬೆರಳು ಮಡಿಸುವಾಗ ಮೂರು ಬೆರಳಿಗೆ ಹೆಸರೇ ಇರಲಿಲ್ಲ, ಸುಮ್ಮನೆ ಮಡಿಸಿ ಮುಂದಕ್ಕೆ ಹೋಗುತ್ತಿದ್ದರು. ಅವರ ತಂಗಿ ಎರಡನೇ ಹೆರಿಗೆಯಲ್ಲಿ ಮಾಸು ಬೀಳದೆ ತೀರಿಕೊಂಡಳಂತೆ. ಆ ಕಥೆಯನ್ನು ಅಜ್ಜಿ ಹೇಳಿದ್ದು ನಾನು ಡಾಕ್ಟರಾದ ಮೇಲೆಯೇ. ಮನೆಯಲ್ಲಿ ಹೆತ್ತು ಬದುಕಿದವರು ಮಾತ್ರ ಅಜ್ಜಿಯರಾಗಿ ನಮಗೆ ಕಥೆ ಹೇಳಲು ಉಳಿದರು.

ಹಾಗೆಂದು ಸೂಲಗಿತ್ತಿಯರನ್ನು ಹಗುರವಾಗಿ ಮಾತನಾಡುವವಳು ನಾನಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ನಾನು ಇಷ್ಟು ವರ್ಷದಲ್ಲಿ ಮಾಡಿಸಿದ ಹೆರಿಗೆ ಅವರ ಲೆಕ್ಕದ ಹತ್ತಿರವೂ ಬರುವುದಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಹೇಗೆ ಮಲಗಿದೆ ಎಂದು ಹೇಳುವ, ನೋವಿನ ನಡುವೆ ಹೆಂಗಸಿನ ಸೊಂಟ ಉಜ್ಜುತ್ತಾ ರಾತ್ರಿಯಿಡೀ ಕೂರುವ ಆ ವಿದ್ಯೆಯನ್ನು ನಾವು ಆಸ್ಪತ್ರೆಗೆ ಕರೆದುಕೊಳ್ಳಲೇ ಇಲ್ಲ. ಅದು ನಮ್ಮ ತಪ್ಪು. ಆದರೆ ನಿಮ್ಮ ಮನೆಗೆ ಬರುತ್ತಿರುವವರು ನರಸಮ್ಮನಂಥವರಲ್ಲ. ಡೌಲಾ ಅಂದರೆ ಧೈರ್ಯ ಹೇಳುವ, ಉಸಿರಾಟ ಹೇಳಿಕೊಡುವ, ಕೈ ಹಿಡಿದು ಕೂರುವ ಜೊತೆಗಾತಿ. ಒಳ್ಳೆಯ ಕೆಲಸ, ನನ್ನ ರೋಗಿಗಳ ಜೊತೆ ಬಂದವರನ್ನು ಕಂಡು ಸಂತೋಷಪಟ್ಟಿದ್ದೇನೆ. ಆದರೆ ಮಗುವಿನ ಎದೆಬಡಿತ ಕೇಳುವುದು, ಒಳಪರೀಕ್ಷೆ ಮಾಡುವುದು, ಇಂಜೆಕ್ಷನ್ ಕೊಡುವುದು, ಉಸಿರಾಡದ ಮಗುವಿಗೆ ಬ್ಯಾಗ್ ಮಾಸ್ಕ್ ಹಿಡಿಯುವುದು ಅವರ ಕೆಲಸವಲ್ಲ. ಅದೆಲ್ಲ ಮಿಡ್‌ವೈಫ್‌ನ, ಅಂದರೆ ಹೆರಿಗೆ ಮಾಡಿಸಲು ತರಬೇತಾದವಳ ಕೆಲಸ. ಈ ಎರಡು ಹೆಸರುಗಳನ್ನು ಒಂದೇ ಎಂದುಕೊಂಡು ಮುಂಬೈಯಲ್ಲಿ ಎಷ್ಟೋ ಓದಿದ ಹುಡುಗಿಯರೇ ಎಡವುತ್ತಿದ್ದಾರೆ.

'ವಿದೇಶದಲ್ಲಿ ಮನೆಯಲ್ಲೇ ಹೆರುತ್ತಾರಲ್ಲ' ಎಂದು ನೀವು ಕೇಳಬಹುದು. ಹೆರುತ್ತಾರೆ, ಮತ್ತು ಅಲ್ಲಿಯ ಲೆಕ್ಕ ಬಹಳ ಪ್ರಾಮಾಣಿಕವಾದದ್ದು. ಇಂಗ್ಲೆಂಡಿನಲ್ಲಿ ಯಾವ ತೊಂದರೆಯೂ ಇಲ್ಲದ ಸುಮಾರು 64,000 ಬಸುರಿಯರನ್ನು ಗಮನಿಸಿದ ದೊಡ್ಡ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎರಡನೆಯದೋ ಮೂರನೆಯದೋ ಹೆರಿಗೆಯವರಿಗೆ ಮನೆಯಾದರೂ ಆಸ್ಪತ್ರೆಯಾದರೂ ಮಗುವಿನ ಮಟ್ಟಿಗೆ ವ್ಯತ್ಯಾಸ ಕಾಣಲಿಲ್ಲ, ಮನೆಯನ್ನು ಆರಿಸಿದ ತಾಯಿಗೆ ಸಿಸೇರಿಯನ್, ಹೊಲಿಗೆಗಳ ಕಾಟವೂ ಕಡಿಮೆ. ಚೊಚ್ಚಲಿನವರಲ್ಲಿ ಮಾತ್ರ ಚಿತ್ರ ಬೇರೆ. ಮಗುವಿಗೆ ಗಂಭೀರ ತೊಂದರೆಯಾದದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಮನೆಯಲ್ಲಿ ಶುರು ಮಾಡಿದ ಚೊಚ್ಚಲಿನವರಲ್ಲಿ ನೂರಕ್ಕೆ 45 ಮಂದಿಯನ್ನು ಹೆರಿಗೆಯ ನಡುವೆಯೋ ಆದ ಕೂಡಲೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮೊದಲೇ ಹೆತ್ತವರಲ್ಲಿ ಅದು 12. ಮನೆಗೆ ಬಂದವರು ಸರ್ಕಾರದ ವ್ಯವಸ್ಥೆಯೊಳಗಿನ, ವರ್ಷಗಟ್ಟಲೆ ತರಬೇತಾದ ಮಿಡ್‌ವೈಫ್‌ಗಳು. ಅವರ ಚೀಲದಲ್ಲಿ ಔಷಧಿ, ಆಮ್ಲಜನಕ. ಆಸ್ಪತ್ರೆಗೆ ಫೋನ್ ಮಾಡಿದರೆ ಆ ತುದಿಯಲ್ಲಿ ಇವರ ಮಾತು ನಂಬಿ ಬಾಗಿಲು ತೆರೆದಿಡುವವರು. ಇಷ್ಟೆಲ್ಲ ಇದ್ದೂ ಚೊಚ್ಚಲಿನವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಆಸ್ಪತ್ರೆಯ ದಾರಿ ಹಿಡಿದರು.

ಈಗ ನಿಮ್ಮ ಕಟ್ಟಡದ ಮೆಟ್ಟಿಲು ನೆನಪಿಸಿಕೊಳ್ಳಿ. ನಾಲ್ಕು ಮಹಡಿ, ಪ್ರತಿ ತಿರುವಿನಲ್ಲೂ ಚಪ್ಪಲಿ ಸ್ಟ್ಯಾಂಡು, ಸೈಕಲ್ಲು. ಮಲಗಿಸಿದ ಸ್ಟ್ರೆಚರ್ ಆ ತಿರುವಿನಲ್ಲಿ ತಿರುಗುವುದಿಲ್ಲ, ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕು. ರಕ್ತ ಹೋಗುತ್ತಿರುವವಳನ್ನು ಕೂರಿಸಿದರೆ ತಲೆ ತಿರುಗುತ್ತದೆ.

ರಕ್ತದ ಮಾತನ್ನು ನಾನು ಬಿಡಿಸಿ ಹೇಳಲೇಬೇಕು, ಏಕೆಂದರೆ 'ನಾರ್ಮಲ್ ಇದ್ದರೆ ಏನೂ ಆಗುವುದಿಲ್ಲ' ಎನ್ನುವವರು ಇದನ್ನು ಕಣ್ಣಾರೆ ಕಂಡವರಲ್ಲ. ಒಂದು ರಾತ್ರಿ, ಎರಡನೇ ಹೆರಿಗೆಯ ಹೆಂಗಸು. ಎಲ್ಲ ಸಲೀಸು. ಮಗು ಅತ್ತಿತು, ಮಾಸು ಪೂರ್ತಿ ಬಿತ್ತು, ಹೊರಗೆ ಮನೆಯವರು ಪೇಡೆ ಹಂಚುತ್ತಿದ್ದರು. ಗ್ಲೌಸ್ ತೆಗೆಯಲು ಹೊರಟ ನನಗೆ ನೆಲದ ಮೇಲೆ ಟಪ್ ಟಪ್ ಎಂದು ಹನಿಯುವ ಸದ್ದು ಕೇಳಿಸಿತು. ಹೊಟ್ಟೆಯ ಮೇಲೆ ಕೈಯಿಟ್ಟೆ. ಆ ಹೊತ್ತಿಗೆ ತೆಂಗಿನಕಾಯಿಯಂತೆ ಗಟ್ಟಿಯಾಗಿ ಕೈಗೆ ಸಿಗಬೇಕಾದ ಗರ್ಭಕೋಶ ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಜಾಗದಲ್ಲಿ ತೆರೆದ ಬಾಯಿಗಳನ್ನು ಆ ಸ್ನಾಯು ತಾನೇ ಮುಷ್ಟಿ ಬಿಗಿದಂತೆ ಬಿಗಿದು ಮುಚ್ಚಬೇಕು. ಬಿಗಿಯದಿದ್ದರೆ ಕೊಡ ಬಗ್ಗಿಸಿದ ಹಾಗೆ. ಒಬ್ಬಳು ಸಿಸ್ಟರ್ ಗರ್ಭಕೋಶ ಬಿಗಿಯುವಂತೆ ಆಕ್ಸಿಟೋಸಿನ್ ಏರಿಸಿದಳು, ಇನ್ನೊಬ್ಬಳು ಎರಡನೇ ಕೈಗೂ ಸಲೈನ್ ಹಾಕಿದಳು, ನಾನು ಒಂದು ಕೈ ಒಳಗೆ ಒಂದು ಕೈ ಹೊಟ್ಟೆಯ ಮೇಲಿಟ್ಟು ಒತ್ತಿ ಹಿಡಿದೆ, ಅರಿವಳಿಕೆಯವರು ಓಡಿ ಬಂದರು, ವಾರ್ಡ್‌ಬಾಯ್ ರಕ್ತ ತರಲು ಓಡಿದ. ಇಪ್ಪತ್ತೈದು ನಿಮಿಷದಲ್ಲಿ ಐದು ಜನ ಸೇರಿ ನಾಲ್ಕು ಬಾಟಲಿ ರಕ್ತ ಕೊಟ್ಟು ಅವಳನ್ನು ಉಳಿಸಿಕೊಂಡೆವು. ಅವಳ ಫೈಲ್‌ನಲ್ಲೂ ನಿಮ್ಮದರ ಹಾಗೆ ಎಲ್ಲವೂ 'ಸರಿಯಿದೆ' ಎಂದೇ ಇತ್ತು. ಯಾರಿಗೆ ಹೀಗಾಗುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ಯಾವುದೂ ಇಲ್ಲ.

ನಮ್ಮ ಬೆಳಗಾವಿಯಲ್ಲಿ ನಡೆದ ಒಂದು ಕೆಲಸ ನನಗೆ ಇಲ್ಲಿ ನೆನಪಾಗುತ್ತದೆ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಜಿಲ್ಲೆಯ ಹಳ್ಳಿಗಳಲ್ಲಿ, ಮನೆಯಲ್ಲೂ ಉಪಕೇಂದ್ರದಲ್ಲೂ ಹೆತ್ತ 1,620 ಹೆಂಗಸರ ಮೇಲೆ ಮಾಡಿದ ಅಧ್ಯಯನ, 2006ರಲ್ಲಿ ಪ್ರಕಟವಾಯಿತು. ಹಳ್ಳಿಯ ನರ್ಸಮ್ಮನವರೇ ಮಗು ಹುಟ್ಟಿದ ಕೂಡಲೆ ಗರ್ಭಕೋಶ ಬಿಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ವಿಪರೀತ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಮನೆಹೆರಿಗೆಯನ್ನೂ ಸುರಕ್ಷಿತ ಮಾಡಬಹುದು, ಆದರೆ ತರಬೇತಾದ ಕೈ ಬೇಕು, ಹಿಂದೆ ವ್ಯವಸ್ಥೆ ಬೇಕು. (ಆ ಮಾತ್ರೆಯನ್ನು ನೀವೇ ತಂದಿಟ್ಟುಕೊಳ್ಳುವ ಯೋಚನೆ ಮಾತ್ರ ಖಂಡಿತ ಬೇಡ. ಮಗು ಹೊರಬರುವ ಮೊದಲು ತಪ್ಪಿ ಕೊಟ್ಟರೆ ಗರ್ಭಕೋಶವೇ ಒಡೆಯಬಹುದು.) ಅಂಥ ಮಿಡ್‌ವೈಫ್‌ಗಳನ್ನು ಬೆಳೆಸಲು ಕೇಂದ್ರ ಸರ್ಕಾರ 2018ರಲ್ಲಿ ಮಾರ್ಗಸೂಚಿ ತಂದಿದೆ. ಡೊಂಬಿವಲಿಯ ನಾಲ್ಕನೇ ಮಹಡಿಗೆ ಅಂಥ ಮಿಡ್‌ವೈಫ್ ಇನ್ನೂ ಬಂದಿಲ್ಲ. ಬಂದ ದಿನ, ನಿಮ್ಮ ಎರಡನೇ ಹೆರಿಗೆಯ ಹೊತ್ತಿಗೆ ಇದೇ ಪ್ರಶ್ನೆ ಕೇಳಿದರೆ ನನ್ನ ಉತ್ತರ ಬೇರೆ ಇರಬಹುದು.

ಇನ್ನು ಅಕ್ಕನ ಮಾತಿಗೆ ಬರುತ್ತೇನೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮನೆ ಬೇಕು ಎನ್ನುವುದಕ್ಕಿಂತ ಆ ಆಸ್ಪತ್ರೆ ಬೇಡ ಎನ್ನುವುದೇ ಅದರಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ. ಅಕ್ಕನಿಗೆ ಆದದ್ದು ನನಗೆ ಹೊಸದಲ್ಲ. ನಾನು ಕಲಿಯುತ್ತಿದ್ದ ಕಾಲದಲ್ಲಿ ಲೇಬರ್ ರೂಮಿನಲ್ಲಿ ನೋವಿಗೆ ಕಿರುಚಿದವಳ ತೊಡೆಗೆ ಹೊಡೆದದ್ದನ್ನು ಕಂಡಿದ್ದೇನೆ. 'ಗಂಡನ ಹತ್ತಿರ ಹೋಗುವಾಗ ಅಳಲಿಲ್ಲ, ಈಗ್ಯಾಕೆ ಅಳ್ತೀಯಾ' ಎನ್ನುವ ಹೊಲಸು ಮಾತನ್ನು ಕೇಳಿದ್ದೇನೆ. ಆಗ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಆ ಹೆಂಗಸು ನನ್ನ ಮುಖ ನೋಡಿದ್ದು ಇವತ್ತಿಗೂ ನೆನಪಿದೆ. ಆಸ್ಪತ್ರೆಯವರು ಮನೆಹೆರಿಗೆಯನ್ನು ಬೈಯುವ ಮೊದಲು ಇದಕ್ಕೆ ಉತ್ತರ ಹೇಳಬೇಕು. ಒಂದು ಕಡೆ ಅವಮಾನ, ಇನ್ನೊಂದು ಕಡೆ ಅಪಾಯ ಇಟ್ಟು 'ಆರಿಸಿಕೋ' ಎಂದರೆ ಅದನ್ನು ಹಕ್ಕು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಸಿಸೇರಿಯನ್ ಭಯವೂ ಸುಳ್ಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಹೆರಿಗೆ ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ 14. ಎರಡೂ ಕಡೆಗೆ ಬರುವ ಹೆಂಗಸರ ಮೈಯಲ್ಲಿ ಇಷ್ಟೊಂದು ವ್ಯತ್ಯಾಸ ಇರಲು ಸಾಧ್ಯವಿಲ್ಲ. ಅದೇ ಸಮೀಕ್ಷೆ ಇನ್ನೊಂದನ್ನೂ ಹೇಳುತ್ತದೆ: 2005-06ರಲ್ಲಿ ನೂರಕ್ಕೆ 39 ಹೆರಿಗೆ ಆಸ್ಪತ್ರೆಯಲ್ಲಾಗುತ್ತಿತ್ತು, 2019-21ರ ಹೊತ್ತಿಗೆ 89. ಅದೇ ಅವಧಿಯಲ್ಲಿ ತಾಯಂದಿರ ಸಾವು ಬಹಳ ಇಳಿದಿದೆ. 2018-20ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ದೇಶದಲ್ಲಿ 97, ಮಹಾರಾಷ್ಟ್ರದಲ್ಲಿ 33.

ಆಸ್ಪತ್ರೆ ಬದಲಾಗುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ಮುಂಬೈಯ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರದ ಕಾಮಾ ಆಸ್ಪತ್ರೆ 1886ರಲ್ಲಿ ತೆರೆದದ್ದು ಯಾಕೆ ಗೊತ್ತೇ? ಗಂಡಸು ಡಾಕ್ಟರ ಮುಂದೆ ಹೋಗಲು ಒಪ್ಪದ ಹೆಂಗಸರು ಮನೆಯಲ್ಲೇ ಸಾಯುತ್ತಿದ್ದರು. ಅವರಿಗೆ ಬುದ್ಧಿ ಹೇಳುತ್ತಾ ಕೂರಲಿಲ್ಲ, ಹೆಣ್ಣು ಡಾಕ್ಟರುಗಳೇ ನೋಡಿಕೊಳ್ಳುವ ಆಸ್ಪತ್ರೆಯನ್ನೇ ಕಟ್ಟಿದರು. ಇದೇ ಮುಂಬೈಯಲ್ಲಿ.

ಈಗಿನ ನಿಯಮಗಳೂ ನಿಮ್ಮ ಪರವಾಗಿವೆ, ಕೇಳುವವರು ಕಡಿಮೆ ಅಷ್ಟೆ. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು ಇರಬಹುದು ಎಂದು ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳಿಗೆ 2016ರಲ್ಲೇ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು ಇನ್ನೂ ಮುಂದೆ ಹೋಗುತ್ತದೆ: ನೋವಿನಲ್ಲಿ ಓಡಾಡಲು ಬಿಡಿ, ನೀರು ಗಂಜಿ ಕೊಡಿ, ಬೇಕಾದ ಭಂಗಿಯಲ್ಲಿ ಹೆರಲಿ, ಎಲ್ಲರಿಗೂ ಕೊಯ್ಯಬೇಡಿ, ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರ್ ತೆರೆಯಲಿಲ್ಲ ಎಂದು ಅವಸರ ಮಾಡಬೇಡಿ. ಹೆರಿಗೆ ನಿಜವಾಗಿ ವೇಗ ಹಿಡಿಯುವುದು 5 ಸೆಂಟಿಮೀಟರ್ ಆದ ಮೇಲೆ ಎನ್ನುತ್ತದೆ ಅದು. ನಿಮಗೆ ಇದರ ಲಾಭ ದೊಡ್ಡದು. ಚೊಚ್ಚಲಿನ ಮೊದಲ ಹಲವು ಗಂಟೆಗಳನ್ನು ನೀವು ಮನೆಯಲ್ಲೇ ಕಳೆಯಬಹುದು. ಬಿಸಿನೀರು ಹುಯ್ದುಕೊಳ್ಳಿ, ಅಕ್ಕಿ ಗಂಜಿ ಕುಡಿಯಿರಿ, ಡೌಲಾ ಬರಲಿ, ಸೊಂಟ ಉಜ್ಜಲಿ. ನೋವು ಐದೈದು ನಿಮಿಷಕ್ಕೊಮ್ಮೆ ಬಂದು, ಒಂದೊಂದೂ ಒಂದು ನಿಮಿಷ ನಿಂತು, ಹಾಗೆ ಒಂದು ಗಂಟೆ ನಡೆದರೆ ಹೊರಡಿ. ನೀರು ಒಡೆದರೆ, ಅದರಲ್ಲೂ ಹಸಿರಾಗಿದ್ದರೆ, ರಕ್ತ ಕಂಡರೆ, ಮಗುವಿನ ಅಲುಗಾಟ ಕಡಿಮೆ ಎನಿಸಿದರೆ, ತಲೆನೋವು ಬಂದು ಕಣ್ಣು ಮಂಜಾದರೆ ಗಡಿಯಾರ ನೋಡದೆ ಹೊರಡಿ.

ಕಣ್ಣು ಮಂಜು ಎಂದಾಗ ಇನ್ನೊಂದು ನೆನಪಾಗುತ್ತದೆ. ಕಲಬುರಗಿ ಕಡೆಯ, ಕಟ್ಟಡ ಕೆಲಸದ ಹುಡುಗಿ, ಇಪ್ಪತ್ತು ವರ್ಷ ಇರಬಹುದು. ಲೇಬರ್ ರೂಮಿನಲ್ಲಿ ಒಬ್ಬಳೇ. 'ಕಣ್ಣ ಮುಂದ ಮಂಜು ಮಂಜು ಆಗ್ಲಕತ್ತದ್ರಿ ಯವ್ವಾ' ಎಂದು ಅಳುತ್ತಿದ್ದಳು. ಮರಾಠಿ ಸಿಸ್ಟರ್ ಒಳ್ಳೆಯವಳೇ, ತಲೆ ಸವರುತ್ತಾ ನನ್ನನ್ನು ಕೇಳಿದಳು: ಮಂಜು ಯಾರು, ಗಂಡನೇ? ಹೊರಗಿದ್ದರೆ ಕರೆಸಲೇ? ಬಿಪಿ ನೋಡಿದರೆ 170/110. ಫಿಟ್ಸ್ ಬರುವ ಹೊಸ್ತಿಲಲ್ಲಿದ್ದಳು. ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟೆವು, ತಾಯಿ ಮಗು ಇಬ್ಬರೂ ಉಳಿದರು. ಅವಳ ಅವ್ವನನ್ನು ಗೇಟಿನ ಹೊರಗೆ ಕೂರಿಸದೆ ಪಕ್ಕದಲ್ಲಿ ಕೂರಿಸಿದ್ದರೆ ಆ ಮಾತು ಅರ್ಧ ಗಂಟೆ ಮೊದಲೇ ನಮಗೆ ತಲುಪುತ್ತಿತ್ತು. ಜೊತೆಗೊಬ್ಬರು ಬೇಕು ಎಂದು ನೀವು ಕೇಳುವುದು ಮುದ್ದಲ್ಲ, ನಿಮ್ಮ ಭಾಷೆ ಬಲ್ಲವರು ಪಕ್ಕದಲ್ಲಿರುವುದು ಚಿಕಿತ್ಸೆಯದೇ ಭಾಗ.

ಹಾಗಾಗಿ ಬೇರೆ ಆಸ್ಪತ್ರೆ ಹುಡುಕಿ, ಮನೆಯಿಂದ ರಿಕ್ಷಾದಲ್ಲಿ ಹದಿನೈದು ಇಪ್ಪತ್ತು ನಿಮಿಷದೊಳಗಿನದು. ಹೆಸರು ದೊಡ್ಡದೆಂದು ಮುಂಬೈಯ ಪರೇಲ್‌ವರೆಗೆ ಹೋಗುವುದು ಬೇಡ. ಮಳೆಗಾಲದಲ್ಲಿ ಟ್ರ್ಯಾಕ್ ಮೇಲೆ ನೀರು ನಿಂತರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಡಾಕ್ಟರನ್ನು ನೇರವಾಗಿ ಕೇಳಿ: ನಿಮ್ಮಲ್ಲಿ ನೂರಕ್ಕೆ ಎಷ್ಟು ಸಿಸೇರಿಯನ್? ರಾತ್ರಿ ಎರಡಕ್ಕೆ ಅರಿವಳಿಕೆಯವರು ಎಷ್ಟು ಹೊತ್ತಿಗೆ ಬರುತ್ತಾರೆ? ರಕ್ತ ಎಲ್ಲಿಂದ ಬರುತ್ತದೆ? ಕೊಯ್ಯುವ ಮೊದಲು ನನಗೆ ಹೇಳುತ್ತೀರಾ? ಹೊಕ್ಕುಳಬಳ್ಳಿ ಕತ್ತರಿಸಲು ಒಂದೆರಡು ನಿಮಿಷ ಕಾದು, ಮಗುವನ್ನು ನನ್ನ ಎದೆಯ ಮೇಲೆ ಹಾಕುತ್ತೀರಾ? ಉತ್ತರಕ್ಕಿಂತ ಉತ್ತರಿಸುವ ಮುಖ ನೋಡಿ. ಪ್ರಶ್ನೆಗೇ ಸಿಡುಕುವವರು ನೋವಿನ ಹೊತ್ತಿಗೆ ಸಿಡುಕದೆ ಇರುವುದಿಲ್ಲ. ನಿಮಗೆ ಬೇಕಾದದ್ದನ್ನೆಲ್ಲ ಒಂದೇ ಪುಟದಲ್ಲಿ ಮರಾಠಿಯಲ್ಲಿ ಬರೆದು ಫೈಲಿನ ಮೊದಲಿಗೆ ಪಿನ್ ಮಾಡಿ. ರಾತ್ರಿ ಪಾಳಿಯ ಸಿಸ್ಟರ್, ಮಾವಶಿ (ಆಯಾ) ಓದಬೇಕಾದದ್ದು ಅದು, ಡಾಕ್ಟರಲ್ಲ.

ಇಷ್ಟೆಲ್ಲ ಕೇಳಿಯೂ ಮನೆಯೇ ಎಂದು ನೀವು ತೀರ್ಮಾನಿಸಿದರೆ ನಿಮ್ಮನ್ನು ಯಾರೂ ಕೈಬಿಡುವಂತಿಲ್ಲ. 'ನನ್ನ ಹತ್ತಿರ ಬರಬೇಡಿ' ಎಂದು ನಿಮ್ಮ ಡಾಕ್ಟರು ಹೇಳಿದ್ದು ತಪ್ಪು, ಆ ಮಾತಿನಿಂದ ಯಾವ ಹೆಂಗಸೂ ಸುರಕ್ಷಿತಳಾಗಿಲ್ಲ. ತಪಾಸಣೆ ನಿಲ್ಲಿಸಬೇಡಿ. 36ನೇ ವಾರದಲ್ಲಿ ಮಗುವಿನ ತಲೆ ಕೆಳಗಿದೆಯೇ ನೋಡಿಸಿ. ಯಾವುದಾದರೂ ಆಸ್ಪತ್ರೆಯಲ್ಲಿ ಹೆಸರು ಬರೆಸಿಯೇ ಇರಿ. ತುರ್ತಿನಲ್ಲಿ ಬಂದವರನ್ನು ಯಾವ ಆಸ್ಪತ್ರೆಯೂ ವಾಪಸ್ ಕಳಿಸುವಂತಿಲ್ಲ ಎಂದು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯಲ್ಲಿ ಶುರು ಮಾಡಿದೆವಲ್ಲ, ಬೈಯುತ್ತಾರಲ್ಲ ಎಂದು ನಾಚಿ ತಡ ಮಾಡಬೇಡಿ. ಆ ನಾಚಿಕೆಯಿಂದಲೇ ತಡವಾಗಿ ಬಂದವರನ್ನು ನಾನು ನೋಡಿದ್ದೇನೆ.

ಈ ವಾರವೇ ಒಂದು ಕೆಲಸ ಮಾಡಿ. ರಾತ್ರಿ ಹನ್ನೊಂದರ ಮೇಲೆ ಗಂಡನ ಜೊತೆ ಮನೆ ಬಾಗಿಲಿಂದ ಇಳಿದು ರಿಕ್ಷಾ ಹಿಡಿದು ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿ ಬಾಗಿಲಿನವರೆಗೆ ಎಷ್ಟು ನಿಮಿಷವಾಯಿತು ಎಂದು ಗಡಿಯಾರದಲ್ಲಿ ನೋಡಿ ಬರೆದಿಡಿ. ಆಮೇಲೆ ಅಕ್ಕನಿಗೆ ಫೋನ್ ಮಾಡಿ. ಜೊತೆಗಿರುವವಳು ಹೆತ್ತ ಅನುಭವವಿರುವ ಹೆಂಗಸಾಗಿದ್ದರೆ ಒಳ್ಳೆಯದು ಎನ್ನುತ್ತದೆ 2016ರ ಆ ಸೂಚನೆ. ಅವಳಿಗಿಂತ ಚೆನ್ನಾಗಿ ನಿಮ್ಮ ಪರ ನಿಲ್ಲುವವರು ಯಾರಿದ್ದಾರೆ? ಒತ್ತಾಯ ಬೇಡ, ಕೇಳಿ ನೋಡಿ. ಬರಲಾರೆ ಎಂದರೆ ಬಿಡಿ, ಗಂಡನೋ ಡೌಲಾವೋ ಇರುತ್ತಾರೆ. ಬರುತ್ತೇನೆ ಎಂದರೆ ಹೊಸ ಆಸ್ಪತ್ರೆ ನೋಡಲು ಹೋಗುವ ದಿನವೇ ಅವಳನ್ನು ಕರೆದುಕೊಂಡು ಹೋಗಿ, ಡಾಕ್ಟರಿಗೆ ಆ ಪ್ರಶ್ನೆಗಳನ್ನು ಅವಳೇ ಕೇಳಲಿ.